ಬಿರುಕು ಬಿಟ್ಟರೂ ಬೀಳದ ಗೋಡೆ: ಘೋಣಸಗಿಯ ಹೊಟ್ಟಿಗೂ ಗಲ್ಫ್ ವಿಮಾನಕ್ಕೂ ಒಂದೇ ಲೆಕ್ಕ

ವಿಜಯಪುರಕ್ಕೆ ಹೋದ ನಮ್ಮ ಕಡೆಯವರು ಗೋಲಗುಮ್ಮಟ ನೋಡಿ ವಾಪಸು ಬರುವುದೇ ಹೆಚ್ಚು. ಈ ಸಲ ನಾವು ಮೂವರು ಶಿಕ್ಷಕರು ತಿಕೋಟಾ ತಾಲ್ಲೂಕಿನ ಘೋಣಸಗಿಗೂ ಹೋಗಿದ್ದೆವು. ಪರಿಚಯದವರ ಮನೆಯ ಹಿತ್ತಲಿನಲ್ಲಿ ಗೋಡೆಗೆ ಮಣ್ಣು ಮೆತ್ತುವ ಕೆಲಸ ನಡೆದಿತ್ತು. ಹಿರಿಯರೊಬ್ಬರು ಕಾಲಲ್ಲಿ ಮಣ್ಣು ತುಳಿಯುತ್ತಾ ನಡುನಡುವೆ ಹೊಟ್ಟು ಎರಚುತ್ತಿದ್ದರು. ಇದು ಯಾಕೆ ಎಂದು ಕೇಳಿದರೆ, "ಹೊಟ್ಟ ಹಾಕಲಿಲ್ಲಂದ್ರ ಗ್ವಾಡಿ ಬಾಯಿ ಬಿಡ್ತೈತ್ರಿ" ಎಂದು ನಕ್ಕರು.

ನಮ್ಮೂರಲ್ಲೂ ಹಿಂದಿನವರು ಮಣ್ಣಿಗೆ ಬೈಹುಲ್ಲು ಕತ್ತರಿಸಿ ಹಾಕುತ್ತಿದ್ದರು. ಮುರಕಲ್ಲು, ಸಿಮೆಂಟು ಬಂದ ಮೇಲೆ ನಾವು ಅದನ್ನು ಮರೆತೆವು. ಊರಿಗೆ ಬಂದ ಮೇಲೆ ಇದರ ಬಗ್ಗೆ ಸ್ವಲ್ಪ ಓದಿದೆವು. ಓದಿದಾಗ ಆಶ್ಚರ್ಯವೇ ಆಯಿತು.

ಪಿಂಗಾಣಿ ಬಸಿಯೊಂದು ಕೈಜಾರಿ ಬಿದ್ದರೆ ಏನಾಗ್ತದೆ? ಒಂದು ಬಿರುಕು ಹುಟ್ಟಿ ಕಣ್ಣು ಮಿಟುಕಿಸುವುದರೊಳಗೆ ಈ ಬದಿಯಿಂದ ಆ ಬದಿಗೆ ಓಡ್ತದೆ. ಸ್ಟೀಲಿನ ತಟ್ಟೆ ಹಾಗಲ್ಲ, ನೆಗ್ಗಿ ಸುಮ್ಮನಾಗ್ತದೆ. ಬಿರುಕಿನ ತುದಿ ಬಹಳ ಚೂಪು. ಬಿದ್ದ ಒತ್ತಡವೆಲ್ಲ ಆ ತುದಿಯಲ್ಲೇ ಸೇರುತ್ತದೆ. ಲೋಹ ಅಲ್ಲಿ ಸ್ವಲ್ಪ ಬಾಗಿಕೊಟ್ಟು ಪೆಟ್ಟನ್ನು ನುಂಗುತ್ತದೆ. ಪಿಂಗಾಣಿಗೆ, ಒಣಮಣ್ಣಿಗೆ, ಸಿಮೆಂಟಿಗೆ ಬಾಗಲು ಗೊತ್ತಿಲ್ಲ. ಭಾರ ಹೊರುವುದರಲ್ಲಿ ಗಟ್ಟಿ, ಆದರೆ ಒಂದು ಸೀಳು ಸಾಕು.

ಇಲ್ಲಿ ನಾರಿನ ಕೆಲಸ ಶುರುವಾಗುತ್ತದೆ. ನಾರು ಹಾಕಿದರೆ ಬಿರುಕೇ ಬರುವುದಿಲ್ಲ ಎಂದು ನಾವು ಎಣಿಸಿದ್ದೆವು. ಹಾಗಲ್ಲ, ಬಿರುಕು ಬರ್ತದೆ. ಆದರೆ ಮಣ್ಣು ಸೀಳಿದರೂ ಹುಲ್ಲಿನ ಎಳೆ ಸೀಳುವುದಿಲ್ಲ. ಅದು ಎರಡೂ ಕಡೆಯ ಮಣ್ಣನ್ನು ಹಿಡಿದುಕೊಂಡು ಸೇತುವೆಯ ಹಾಗೆ ನಿಲ್ಲುತ್ತದೆ. ಬಿರುಕು ಬಾಯಿ ತೆರೆಯಬೇಕಾದರೆ ಆ ಎಳೆಯನ್ನು ಮಣ್ಣಿನಿಂದ ಎಳೆದು ತೆಗೆಯಬೇಕು. ಮರದಿಂದ ಮೊಳೆ ಕೀಳುವಾಗ ಎಷ್ಟು ಶಕ್ತಿ ಬೇಕು ಎಂದು ನೆನಪು ಮಾಡಿಕೊಳ್ಳಿ. ಅಂಥ ನೂರಾರು ಎಳೆಗಳ ತಿಕ್ಕಾಟದಲ್ಲಿ ಬಿರುಕಿನ ಓಟ ಸುಸ್ತಾಗುತ್ತದೆ. ಒಂದು ದೊಡ್ಡ ಸೀಳಿನ ಬದಲು ಕೂದಲೆಳೆಯಂಥ ಹಲವು ಗೆರೆಗಳು ಬೀಳುತ್ತವೆ, ಗೋಡೆ ನಿಲ್ಲುತ್ತದೆ.

ಇದೇ ಲೆಕ್ಕ ಈಗ ವಿಮಾನದಲ್ಲೂ ಉಂಟು. ಏರ್‌ಬಸ್ ಎ320 ನಿಯೋ, ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ ಹೆಸರನ್ನು ಗಲ್ಫಿಗೆ ಹೋಗಿ ಬರುವ ಮಕ್ಕಳ ಬಾಯಲ್ಲಿ ಕೇಳಿರಬಹುದು. ಮ್ಯಾಕ್ಸ್‌ಗೆಲ್ಲ, ನಿಯೋಗಳಲ್ಲಿ ಹಲವಕ್ಕೆ 'ಲೀಪ್' ಎಂಬ ಇಂಜಿನ್ ಇರುತ್ತದೆ. 2016ರಿಂದ ಪ್ರಯಾಣಿಕರನ್ನು ಹೊರುತ್ತಿರುವ ಈ ಇಂಜಿನ್ನಿನ ಬೆಂಕಿಯಂಥ ಭಾಗದಲ್ಲಿ, ತಿರುಗುವ ರೆಕ್ಕೆಗಳ ಸುತ್ತ ಕೂತ ಉಂಗುರ ಲೋಹದ್ದಲ್ಲ. ಅದು ಸಿಲಿಕಾನ್ ಕಾರ್ಬೈಡ್ ಎಂಬ ಪಿಂಗಾಣಿ ಜಾತಿಯ ವಸ್ತು, ಅದರೊಳಗೆ ಅದೇ ವಸ್ತುವಿನ, ತಲೆಗೂದಲಿಗಿಂತ ತೆಳುವಾದ ನಾರು. ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಶಾಖ ತಾಳುತ್ತದೆ, ತೂಕ ಅಲ್ಲಿ ಬಳಸುವ ಲೋಹದ ಮೂರನೇ ಒಂದು ಭಾಗದಷ್ಟು. ತಂಪು ಮಾಡಲು ಕಡಿಮೆ ಗಾಳಿ ಸಾಕು, ಹಾಗಾಗಿ ಇಂಧನ ಉಳಿಯುತ್ತದೆ.

ನಾರು ಎಷ್ಟು ಬಿಗಿಯಾಗಿ ಅಂಟಿದರೆ ಅಷ್ಟು ಒಳ್ಳೆಯದು ಅಂತ ಯಾರಿಗೂ ಅನಿಸುತ್ತದೆ. ಆದರೆ ಪೂರ್ತಿ ಅಂಟಿಬಿಟ್ಟರೆ ಬಿರುಕು ನಾರನ್ನೂ ಕತ್ತರಿಸಿಕೊಂಡು ಮುಂದೆ ಹೋಗ್ತದೆ, ಪುನಃ ಪಿಂಗಾಣಿ ಬಸಿಯ ಕಥೆಯೇ. ಅದಕ್ಕೆ ಪ್ರತಿ ನಾರಿಗೂ ಬೋರಾನ್ ನೈಟ್ರೈಡ್ ಎಂಬ ಜಾರುವ ವಸ್ತುವಿನ ತೆಳು ಲೇಪ ಕೊಡುತ್ತಾರೆ. ಬಿರುಕು ಅಲ್ಲಿಗೆ ಬಂದು ನಾರಿನ ಮೈಗುಂಟ ಪಕ್ಕಕ್ಕೆ ತಿರುಗುತ್ತದೆ, ನಾರು ಉಳಿಯುತ್ತದೆ. ಇದಕ್ಕೂ ಶತ್ರು ಇಲ್ಲದಿಲ್ಲ. ಬಿರುಕಿನೊಳಗೆ ಬಿಸಿಗಾಳಿ, ನೀರಾವಿ ನುಗ್ಗಿದರೆ ಆ ಲೇಪ ಹಾಳಾಗಿ ನಾರು ಅಂಟಿಕೊಳ್ಳುತ್ತದೆ. ಹಾಗಾಗಿ ಹೊರಮೈಗೆ ಬೇರೆ ರಕ್ಷಣೆಯ ಲೇಪವೂ ಬೇಕು. ಮಣ್ಣಿನ ಗೋಡೆಗೂ ಹಾಗೆಯೇ, ನೀರು ಒಳಗೆ ಇಳಿದರೆ ಹೊಟ್ಟು ಕೊಳೆಯುತ್ತದೆ.

ಕೊನೆಗೆ ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತು. ಹಳೆಯ ಕೊಟ್ಟಿಗೆ, ಸ್ನಾನದ ಕೋಣೆಯ ಮೇಲಿನ ಕಲ್ನಾರು ಶೀಟು ಕೂಡ ಇದೇ ಉಪಾಯದಿಂದ ಆದದ್ದು, ಸಿಮೆಂಟಿನೊಳಗೆ ನಾರು. ಶೀಟು ಸೀಳಿದರೂ ನಾರು ಹಿಡಿದಿಡುತ್ತದೆ ನಿಜ. ಆದರೆ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ರೋಗ ಕಾಣಿಸಿಕೊಳ್ಳುವಾಗ ಹತ್ತಾರು ವರ್ಷ ಕಳೆದಿರುತ್ತದೆ. ಹಳೆ ಶೀಟನ್ನು ಗರಗಸದಲ್ಲಿ ಕೊಯ್ಯಬೇಡಿ, ತೂತು ಕೊರೆಯಬೇಡಿ, ಒಡೆದು ಅಂಗಳಕ್ಕೆ ಹಾಕಬೇಡಿ. ತೆಗೆಯಲೇಬೇಕಾದರೆ ಕೆಲಸ ಗೊತ್ತಿದ್ದವರನ್ನು ಕರೆಯಿರಿ, ನೀರು ಹಾಕಿ ಒದ್ದೆ ಮಾಡಿ ಇಡೀ ಶೀಟನ್ನೇ ಇಳಿಸಲು ಹೇಳಿ. ಆ ಹೊತ್ತಿಗೆ ಮಕ್ಕಳನ್ನು ನೆರೆಮನೆಗೆ ಕಳಿಸಿ.