ಕತ್ತಲೆಕಾನಿನ ಜಡ್ಡಿಯಲ್ಲಿ ಒಂದು ದಿನ

ಜೋಗದ ಬಳಿಯ ಮಾವಿನಗುಂಡಿಯಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿಯುವಾಗ ಸಿಗುವುದು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. ಕಳೆದ ವೈಶಾಖದಲ್ಲಿ, ಊರ ಬಾವಿಗಳೆಲ್ಲ ತಳ ಕಂಡಿದ್ದ ಹೊತ್ತಿನಲ್ಲಿ, ಅರಣ್ಯ ಇಲಾಖೆಯ ಅಪ್ಪಣೆ ಪಡೆದು ನಾವು ನಾಲ್ವರು ತೋಟಿಗರು ಅಲ್ಲಿಗೆ ಹೋಗಿದ್ದೆವು.

ಹೆಸರಿಗೆ ತಕ್ಕ ಕಾಡು. ನಡುಹಗಲಲ್ಲೂ ಬಿಸಿಲು ನೆಲ ಮುಟ್ಟದು. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಕಾಲು ಕೆಸರಿಗಿಳಿಯಿತು. ಇದೇ ರಾಮಪತ್ರೆ ಜಡ್ಡಿ. ಜಾಯಿಕಾಯಿಯ ಬಳಗದ ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತಿವೆ. ಕೆಲವು ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದೆದ್ದು ಮತ್ತೆ ಕೆಸರಿಗೇ ಇಳಿಯುತ್ತವೆ. ನೀರಿನಲ್ಲಿರುವ ಬೇರಿಗೆ ಗಾಳಿ ಒದಗಿಸುವ ಉಪಾಯವಿದು. ನಡುವಿನ ಹಳ್ಳ ಆ ಬಿರುಬೇಸಗೆಯಲ್ಲೂ ತಣ್ಣಗೆ ಹರಿಯುತ್ತಿತ್ತು. "ಇದು ಬತ್ತೂದಿಲ್ರಾ" ಎಂದರು, ದಾರಿ ತೋರಲು ಬಂದಿದ್ದ ಊರಿನ ಹಿರಿಯರು.

ಗೇರಿನ ಬಳಗದ ಒಂದು ಹೊಸ ಮರ 2000ದಲ್ಲಿ ಈ ಕಾನಿನ ಹೆಸರಿನಿಂದಲೇ ಸಸ್ಯಶಾಸ್ತ್ರಕ್ಕೆ ಸೇರಿತು. ಸಿಂಗಳೀಕಗಳ ನೆಲೆಯೂ ಇದೇ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು.

ನೋಡುತ್ತ ನಿಂತವನಿಗೆ ನಮ್ಮ ತೋಟವೇ ಕಣ್ಣೆದುರು ಬಂತು. ಎರಡು ಗುಡ್ಡಗಳ ನಡುವಿನ ತಗ್ಗು, ತಳದಲ್ಲಿ ಹಳ್ಳ, ಅದೇ ಮೈಕಟ್ಟು. ಮಲೆನಾಡಿನ ಎಷ್ಟೋ ತೋಟ, ಗದ್ದೆಗಳು ಇಂಥ ಜಡ್ಡಿಗಳನ್ನು ಕಡಿದು ಮಾಡಿದವೇ. ಹಿರಿಯರನ್ನು ದೂರಿ ಫಲವಿಲ್ಲ. ಅವರು ಹೊಟ್ಟೆಪಾಡಿಗೆ ಮಾಡಿದರು. ನನ್ನ ತಪ್ಪು ಬೇರೆಯೇ. ತೋಟದ ತಲೆಯಲ್ಲಿ, ನಮ್ಮದೇ ಹಿಡುವಳಿಯಲ್ಲಿ, 10 ಗುಂಟೆಯಷ್ಟು ಜೌಗು ಉಳಿದಿತ್ತು. 12 ವರ್ಷಗಳ ಹಿಂದೆ ಅಲ್ಲಿ ಬಸಿಗಾಲುವೆ ತೋಡಿಸಿ 100 ಅಡಿಕೆ ಸಸಿ ನೆಟ್ಟೆ. ಯುಗಾದಿ ಕಳೆದರೂ ಬರುತ್ತಿದ್ದ ಅಬ್ಬಿ ನೀರು ಈಗ ಶಿವರಾತ್ರಿಗೇ ನಿಲ್ಲುತ್ತದೆ. 100 ಮರ ಬಂತು. 600 ಮರದ ನೀರು ಹೋಯಿತು.

ಲೆಕ್ಕ ಸರಳ. ಜಡ್ಡಿ ಮಳೆನೀರನ್ನು ಹಿಡಿದಿಟ್ಟು ಬೇಸಗೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಕಾಲುವೆ ತೋಡಿದರೆ ಅದೇ ನೀರು ಮಳೆಗಾಲದಲ್ಲೇ ಓಡಿಹೋಗುತ್ತದೆ.

ಈ ಸಲ ಮಳೆ ಹಿಡಿಯುವ ಮುಂಚೆ ಆ ಕಾಲುವೆಯ ಬಾಯಿಗೆ ಕಲ್ಲು ಮಣ್ಣು ಹಾಕಿ ಕಟ್ಟಿದ್ದೇನೆ. ಅಲ್ಲಿನ ಅಡಿಕೆ ಮರಗಳು ಹೋದರೆ ಹೋಗಲಿ, ರಾಮಪತ್ರೆ ನೆಡುವ ವಿಚಾರವಿದೆ. ಅದರ ಬೀಜ ಒಣಗಿದರೆ ಮೊಳೆಯದು. ಹಸಿ ಇರುವಾಗಲೇ ಊರಬೇಕು. ಕಾನಿನಿಂದ ಮಾತ್ರ ಒಂದು ಕಾಯನ್ನೂ ತರಲಿಲ್ಲ, ತರಲೂಬಾರದು.

ಜಡ್ಡಿ ಇನ್ನೂ ಉಳಿದಿರುವ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ: ಗುದ್ದಲಿ ಇಡುವ ಮೊದಲು ಒಮ್ಮೆ ಅಪ್ಪಣೆ ಪಡೆದು ಕತ್ತಲೆಕಾನಿಗೆ ಹೋಗಿಬನ್ನಿ. ಬೇಸಗೆಯಲ್ಲೇ ಹೋಗಿ. ಆಗ ಉಂಬಳದ ಕಾಟ ಕಡಿಮೆ. ಹಳ್ಳ ಹರಿಯುವುದರ ಬೆಲೆ ತಿಳಿಯುವುದೂ ಆಗಲೇ.