ಮಳೆಗಾಲ ಮತ್ತು ಮೈಯೊರೆಸುವ ವಸ್ತ್ರ

ಕಲಬುರಗಿ ಸೀಮೆಯನ್ನು ಬಿಸಿಲ ನಾಡೆಂದು ಕರೆಯುವುದು ವಾಡಿಕೆ. ಚೈತ್ರ ವೈಶಾಖಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟಿದಾಗ, ಮಾಳಿಗೆಯ ಮೇಲೆ ಹರವಿದ ಒದ್ದೆ ಅರಿವೆಯು ಹರವಿದವರು ಕೆಳಗಿಳಿದು ಒಂದು ತಂಬಿಗೆ ಮಜ್ಜಿಗೆ ಕುಡಿದು ಮರಳುವಷ್ಟರಲ್ಲಿ ಹಪ್ಪಳದಂತೆ ಗರಿಗರಿಯಾಗಿರುತ್ತದೆ. ಈ ಕಾರಣದಿಂದಲೇ ನಮ್ಮ ಭಾಗದವರಿಗೆ ಬಟ್ಟೆ ಒಣಗಿಸುವ ವಿದ್ಯೆ ಬರಲಿಲ್ಲವೆಂದು ನಾವು ಭಾವಿಸುತ್ತೇವೆ. ಆ ಕೆಲಸವನ್ನು ಸೂರ್ಯನೇ ವಹಿಸಿಕೊಂಡಿರುವಾಗ ಕಲಿಯುವ ಅಗತ್ಯವಾದರೂ ಏನಿತ್ತು? ಮಲೆನಾಡಿನವರ ಮಾತು ಬೇರೆ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ, ಬಚ್ಚಲ ಒಲೆಯ ಮೇಲ್ಗಡೆ ಬಿದಿರ ಗಳ ಕಟ್ಟಿ, ಹಂಡೆಗೆ ಹಾಕಿದ ಬೆಂಕಿಯ ಕಾವಿನಲ್ಲಿಯೇ ಬಟ್ಟೆ ಆರಿಸಿಕೊಳ್ಳುವ ಮನೆಗಳನ್ನು ನಾವು ಕಂಡಿದ್ದೇವೆ. ನಮ್ಮಲ್ಲಾದರೋ ಸೆಪ್ಟೆಂಬರ್ ತಿಂಗಳ ಮಳೆ ಹಿಡಿದುಕೊಂಡಿತೆಂದರೆ ಮನೆಯ ಗೃಹಿಣಿಯು ಒದ್ದೆ ಬಟ್ಟೆಯ ಬುಟ್ಟಿಯನ್ನು ಹಿಡಿದು ದಿಕ್ಕು ತೋಚದೆ ನಿಲ್ಲುತ್ತಾಳೆ.

2020ರ ಅಕ್ಟೋಬರ್ ತಿಂಗಳ ಮಧ್ಯಭಾಗವನ್ನು ಈ ಜಿಲ್ಲೆಯವರು ಮರೆತಿರಲಾರರು. ಭೀಮಾ ನದಿ ಉಕ್ಕಿ ದಂಡೆಯ ಊರುಗಳನ್ನು ನುಂಗಿದ ದಿನಗಳವು. ನಮ್ಮ ಕಮಲಾಪುರವು ಭೀಮೆಯ ದಂಡೆಯಲ್ಲಿಲ್ಲ. ಆದರೂ ಮಳೆ ನಮ್ಮನ್ನು ಬಿಡಲಿಲ್ಲ. ಕೊರೊನಾದ ದೆಸೆಯಿಂದ ಬೆಂಗಳೂರಿನ ಕಿರಿಯ ಮಗನೂ ಊರಿಗೆ ಬಂದಿದ್ದನು. ಒಂದೇ ಮನೆಯಲ್ಲಿ ಏಳು ಜನ, ಶಹಾಬಾದಿನ ಫರಸಿ ಹಾಸಿದ ತಣ್ಣನೆಯ ನೆಲ, ಮುಚ್ಚಿದ ಕಿಟಕಿಗಳು. ಮೂರನೆಯ ದಿನಕ್ಕೆ ಮನೆಯ ಟವೆಲ್ಲುಗಳೆಲ್ಲ ಒಂದು ಬಗೆಯ ಹುಳಿಗಂಪನ್ನು ಬೀರತೊಡಗಿದವು. ನಾವು ಸೊಸೆಯನ್ನು ಕರೆದು, ಸಾಬೂನು ಸಾಲದೇ ಹೋಯಿತೇನಮ್ಮಾ ಎಂದು ಕೇಳಿದೆವು. ಆಕೆ ಏನೂ ಹೇಳದೆ ಮರುದಿನ ಸಾಬೂನಿನ ಪುಡಿಯನ್ನು ಎರಡು ಪಾಲು ಹಾಕಿ ಒಗೆದಳು. ವಾಸನೆ ಹೋಗಲಿಲ್ಲ.

ಅದೇ ತಿಂಗಳ ಕೊನೆಗೆ ಎಂಟು ವರ್ಷದ ಮೊಮ್ಮಗನ ಸೊಂಟದ ಮೇಲೆ ಕೆಂಪು ಬಳೆಯಾಕಾರದ ಮಚ್ಚೆಯೊಂದು ಮೂಡಿತು. ಗಜಕರ್ಣ, ಕೆಲವರು ಹುಳುಕಡ್ಡಿ ಎನ್ನುತ್ತಾರೆ. ಅಂಗಡಿಯಿಂದ ತಂದ ಮುಲಾಮು ಹಚ್ಚಿದೊಡನೆ ತುರಿಕೆ ನಿಂತಿತು. ಹತ್ತು ದಿನಕ್ಕೆ ಮಚ್ಚೆ ಅಂಗೈಯಗಲವಾಯಿತು, ಅವನ ತಾಯಿಗೂ ಹಬ್ಬಿತು. ಕಲಬುರಗಿಯ ಚರ್ಮವೈದ್ಯರೊಬ್ಬರಲ್ಲಿಗೆ ಕರೆದೊಯ್ದಾಗ ಅವರು ಮದ್ದು ಬರೆಯುವುದಕ್ಕೆ ಮೊದಲು ಕೇಳಿದ ಪ್ರಶ್ನೆ, ಮನೆಯಲ್ಲಿ ಎಷ್ಟು ಜನ, ಎಷ್ಟು ಟವೆಲ್ಲು ಎಂಬುದು. ಜನ ಏಳು, ಟವೆಲ್ಲು ನಾಲ್ಕು. ಈ ಲೆಕ್ಕವನ್ನು ಒಪ್ಪಿಸುವಾಗ ನಮಗೆ ಆದ ನಾಚಿಕೆಯನ್ನು ಇಲ್ಲಿ ಮರೆಮಾಚುವುದಿಲ್ಲ. ನಾವು ತಂದ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿತ್ತೆಂದೂ, ಅದು ತುರಿಕೆಯನ್ನಡಗಿಸಿ ಶಿಲೀಂಧ್ರವನ್ನು ಹಬ್ಬಗೊಡುವುದೆಂದೂ, ಕಳೆದ ಕೆಲವು ವರ್ಷಗಳಲ್ಲಿ ದೇಶದಾದ್ಯಂತ ಈ ರೋಗ ಮದ್ದಿಗೆ ಬಗ್ಗದಂತಾದುದಕ್ಕೆ ಇಂತಹ ಮುಲಾಮುಗಳೂ ಒಂದು ಕಾರಣವೆಂದೂ ಅವರು ತಿಳಿಸಿದರು. ಒಬ್ಬರು ಬಳಸಿದ ಒದ್ದೆ ಟವೆಲ್ಲು ಇನ್ನೊಬ್ಬರ ಮೈಗೆ ರೋಗವನ್ನು ಸಾಗಿಸುವ ವಾಹನ. ಗುಣವಾಗಲು ಮೂರು ತಿಂಗಳು ಬೇಕಾಯಿತು.

ವಾಸನೆ ಬೇರೆ, ಗಜಕರ್ಣ ಬೇರೆ. ವಾಸನೆ ಇದ್ದಲ್ಲೆಲ್ಲ ರೋಗವಿದೆಯೆಂದು ಓದುಗರು ಅಂಜಬೇಕಾಗಿಲ್ಲ. ಆದರೆ ಎರಡಕ್ಕೂ ಆಶ್ರಯ ತೇವವೇ. ವಾಸನೆಯ ಮೂಲವನ್ನು ಜಪಾನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಅಲ್ಲಿಯೂ ಮಳೆಗಾಲದಲ್ಲಿ ಬಟ್ಟೆಯನ್ನು ಕೋಣೆಯೊಳಗೆ ಒಣಗಿಸುವ ರೂಢಿಯುಂಟು. ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ನಮ್ಮ ಮೈಯಿಂದ ಬಟ್ಟೆಗಿಳಿದ ಜಿಡ್ಡು ಬೆವರುಗಳನ್ನುಂಡು ಒಂದು ಆಮ್ಲವನ್ನು ಹೊರಗೆಡಹುತ್ತದೆ. ನಾವು ಮುಗ್ಗು ವಾಸನೆ ಎನ್ನುವುದು ಬಹುಮಟ್ಟಿಗೆ ಅದನ್ನೇ. ಈ ಜೀವಿ ಒಣಗಿದರೂ ಬೇಗ ಸಾಯದೆ ನೂಲಿನೊಳಗೆ ಅಡಗಿದ್ದು, ಮತ್ತೆ ನೀರು ತಗುಲಿದೊಡನೆ ಬೆಳೆಯುತ್ತದೆ. ಒಣಗಿದ್ದಾಗ ನಿರ್ಗಂಧವಾಗಿದ್ದ ಟವೆಲ್ಲು ಮೈಯೊರೆಸಿದೊಡನೆ ನಾರುವುದು ಏಕೆಂದು ನಮಗೆ ಆಗ ತಿಳಿಯಿತು.

ಸಾಬೂನು ಹೆಚ್ಚಿಸಿದರೆ ಏಕೆ ಫಲಿಸಲಿಲ್ಲ? ನಮ್ಮ ಬೋರಿನ ನೀರನ್ನು ಕೇಳಬೇಕು. ತೊಗರಿಬೇಳೆ ಬೇಯದ ನೀರೆಂದು ನಮ್ಮ ತಾಯಂದಿರು ಯಾವುದನ್ನು ಹೇಳುತ್ತಾರೋ ಅದು ಗಡಸು ನೀರು. ಅದರಲ್ಲಿ ಸಾಬೂನು ನೊರೆಯಾಗದೆ ಸುಣ್ಣದಂಶದೊಡನೆ ಕೂಡಿ ಗಸಿಯಾಗಿ ನೂಲಿಗೆ ಅಂಟುತ್ತದೆ. ಟವೆಲ್ಲು ಬಿರುಸಾಗುವುದೂ ಅದರಿಂದಲೇ. ಬಿರುಸನ್ನು ಕಳೆಯಲು ಈಗ ಅಂಗಡಿಯಲ್ಲಿ ಸಿಗುವ ಪರಿಮಳದ ದ್ರವಗಳು ನೂಲಿನ ಮೇಲೆ ಇನ್ನೊಂದು ಪದರವನ್ನು ಬಳಿದು, ನೀರು ಹೀರುವ ಗುಣವನ್ನು ಕುಂದಿಸುತ್ತವೆ. ಸಾಬೂನು ಹಿತಮಿತವಾಗಿರಲಿ, ಜಾಲಿಸುವ ನೀರು ಧಾರಾಳವಾಗಿರಲಿ. ಲೋಬಾನದ ಹೊಗೆ ಹಿಡಿಯುವವರೂ ಉಂಟು. ಅದು ಸುಗಂಧವೇ ಹೊರತು ಶುದ್ಧಿಯಲ್ಲ.

ಇನ್ನು ವಸ್ತ್ರದ ಆಯ್ಕೆ. ನಮ್ಮ ನೆರೆಯ ಸೊಲ್ಲಾಪುರ, ಸಿದ್ಧರಾಮ ಶಿವಯೋಗಿಗಳ ಸೊನ್ನಲಿಗೆ, ಚಾದರಕ್ಕೂ ಟವೆಲ್ಲಿಗೂ ದೇಶದಲ್ಲಿಯೇ ಹೆಸರಾದ ಊರು. ಅಲ್ಲಿಯ ಟೆರಿ ಟವೆಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆ ನೇಕಾರಿಕೆಯ ಚಮತ್ಕಾರವೆಲ್ಲ ಮೇಲೆದ್ದು ನಿಂತ ನೂಲಿನ ಕುಣಿಕೆಗಳಲ್ಲಿದೆ. ಕುಣಿಕೆ ಹೆಚ್ಚಿದಷ್ಟೂ ನೀರು ಹೀರುವ ಶಕ್ತಿ ಹೆಚ್ಚು. ಹೀರಿದ್ದನ್ನು ಬಿಟ್ಟುಕೊಡಲು ತಗಲುವ ಕಾಲವೂ ಅಷ್ಟೇ ಹೆಚ್ಚು. ಮದುವೆಯ ಉಡುಗೊರೆಯಾಗಿ ಬರುವ ದಪ್ಪನೆಯ ಟವೆಲ್ಲು ಬೇಸಿಗೆಗೆ ಭೂಷಣ, ಮಳೆಗಾಲಕ್ಕೆ ಭಾರ. ಆಷಾಢ ಬಂದೊಡನೆ ಅದನ್ನು ಪೆಟ್ಟಿಗೆಗೆ ಸೇರಿಸಿ, ನಮ್ಮ ಭಾಗದಲ್ಲಿ ವಸ್ತ್ರವೆಂದೂ ದಸ್ತಿಯೆಂದೂ ಹೇಳುವ ತೆಳುವಾದ ಹತ್ತಿಯ ಬಟ್ಟೆಯನ್ನು ಹೊರತೆಗೆಯುವುದು ಲೇಸು. ಫ್ಯಾನಿನ ಗಾಳಿಯಲ್ಲಿಯೇ ಅದು ಆರುತ್ತದೆ. ಒಬ್ಬೊಬ್ಬರಿಗೆ ಎರಡೆರಡು ಇರಲಿ.

ಬಾಲ್ಯದಲ್ಲಿ ನಾವು ಓದಿದ ಮಠದ ಪ್ರಸಾದ ನಿಲಯದಲ್ಲಿ ಒಬ್ಬೊಬ್ಬ ಹುಡುಗನಿಗೂ ಒಂದೇ ವಸ್ತ್ರ. ಅಂಕಣದ ಉದ್ದಕ್ಕೂ ತಲೆಗಿಂತ ಎತ್ತರದಲ್ಲಿ ಹಗ್ಗ ಕಟ್ಟಿತ್ತು. ಸ್ನಾನವಾದೊಡನೆ ವಸ್ತ್ರವನ್ನು ಹಿಂಡಿ, ಎರಡು ಸಲ ಝಾಡಿಸಿ, ಮಡಿಕೆಯಿಲ್ಲದಂತೆ ಪೂರ್ತಿ ಹರವಿ, ಪಕ್ಕದವನ ವಸ್ತ್ರಕ್ಕೂ ತನ್ನದಕ್ಕೂ ಒಂದು ಗೇಣು ತೆರಪು ಬಿಟ್ಟ ಮೇಲೆಯೇ ಪೂಜೆಗೆ ಕೂಡಬೇಕು. ಒಂದರ ಮೇಲೊಂದು ಹಾಕಿದವನಿಗೆ ಅಂದು ಅಂಗಳ ಗುಡಿಸುವ ಸೇವೆ. ಒದ್ದೆ ಬಟ್ಟೆಯೇ ಮಡಿಯೆಂದು ಬಗೆಯುವ ರೂಢಿ ಲೋಕದಲ್ಲಿದೆ. ನಮ್ಮ ಶಾಸ್ತ್ರಿಗಳ ಮೂಗು ಅದನ್ನು ಒಪ್ಪುತ್ತಿರಲಿಲ್ಲ. ಅವರಿಗೆ ಬ್ಯಾಕ್ಟೀರಿಯಾದ ಹೆಸರು ತಿಳಿದಿರಲಿಲ್ಲ, ಆದರೆ ಅವರು ಮಾಡಿಸಿದ್ದರಲ್ಲಿ ಬದಲಿಸಬೇಕಾದುದೇನೂ ನಮಗೆ ಇಂದಿಗೂ ಕಾಣುವುದಿಲ್ಲ. ಕೋಣೆಯ ಕಾವು ಮೇಲ್ಭಾಗದಲ್ಲಿ ನಿಲ್ಲುವುದರಿಂದ ಎತ್ತರದ ಹಗ್ಗ ಒಳ್ಳೆಯದು. ಝಾಡಿಸಿದರೆ ಒತ್ತಿಹೋದ ನೂಲು ಎದ್ದು ಗಾಳಿಯಾಡುತ್ತದೆ. ತೆರಪಿಲ್ಲದಿದ್ದರೆ ಒಂದರ ತೇವವನ್ನು ಇನ್ನೊಂದು ಕುಡಿಯುತ್ತದೆ. ಬೇಕಾದುದು ಬಿಸಿಲಿಗಿಂತ ಮೊದಲು ಚಲಿಸುವ ಗಾಳಿ. ಮಳೆ ಬಿಡುವು ಕೊಟ್ಟಾಗ ಎದುರುಬದುರು ಎರಡು ಕಿಟಕಿಗಳನ್ನು ತೆರೆದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯಾಗುತ್ತದೆ. ಬಚ್ಚಲಲ್ಲಿ, ಬಾಗಿಲ ಹಿಂದಿನ ಮೊಳೆಗೆ, ಫರಸಿಯ ಗೋಡೆಗೆ ತಾಗಿಸಿ ಟವೆಲ್ಲು ತೂಗಹಾಕುವುದನ್ನು ಬಿಡಬೇಕು. ಮೊಳೆಗೆ ತೂಗಹಾಕುತ್ತಿದ್ದವರು ಯಾರೆಂದು ಕೇಳಿದರೆ, ಶಾಸ್ತ್ರಿಗಳ ಶಿಷ್ಯರಾದ ನಾವೇ.

ಇಷ್ಟಾದರೂ ವಾಸನೆ ಬೇರೂರಿದ್ದರೆ ಮದ್ದು ಬಿಸಿಯೊಂದೇ. ಹಿಂದೆ ಮಡಿವಾಳರು ಬಟ್ಟೆಯನ್ನು ಸವುಳು ಮಣ್ಣಿನ ನೀರಿನಲ್ಲಿ ಅದ್ದಿ, ಕುದಿಯುವ ಹಂಡೆಯ ಮೇಲೆ ಪೇರಿಸಿ, ರಾತ್ರಿಯೆಲ್ಲ ಹಬೆ ಕೊಡುತ್ತಿದ್ದರು. ಅದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಕ್ಷಾರ ಜಿಡ್ಡನ್ನು ಕಳೆಯುತ್ತಿತ್ತು, ಹಬೆ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಿತ್ತು. ಹಿಪ್ಪರಗಿಯ ಮಾಚಿದೇವರ ಕಾಯಕವೆಂದು ನಾವು ಭಕ್ತಿಯಿಂದ ಸ್ಮರಿಸುವ ಕೆಲಸದೊಳಗೆ ಎಷ್ಟು ರಸಾಯನಶಾಸ್ತ್ರವಿತ್ತೆಂಬುದನ್ನು ಲೆಕ್ಕ ಹಾಕಿದವರು ಕಡಿಮೆ. ಮನೆಯಲ್ಲಿ ಉಬ್ಬೆ ಸಾಧ್ಯವಿಲ್ಲ. ಅದರ ನೆರಳಾದರೂ ಸಾಧ್ಯ. ಎರಡು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಬಕೆಟ್ಟಿಗೆ ಎರಡು ಚಮಚ ಬಟ್ಟೆ ಒಗೆಯುವ ಸೋಡಾ ಕದಡಿ, ಒಗೆದ ಟವೆಲ್ಲುಗಳನ್ನು ಅರ್ಧ ಗಂಟೆ ಮುಳುಗಿಸಿಡುವುದು. ಕೈ ಹಾಕದೆ ಕೋಲಿನಿಂದ ತಿರುವಿ, ಬಳಿಕ ಚೆನ್ನಾಗಿ ಜಾಲಿಸುವುದು. ಮಕ್ಕಳು ಬಕೆಟ್ಟಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಸಾಕು. ಬಣ್ಣದವು ಮಾಸುತ್ತವೆ, ಆದ್ದರಿಂದ ಬಿಳಿಯವೇ ಮೇಲು. ಗಜಕರ್ಣವಿದ್ದ ಮನೆಯಲ್ಲಿ ಒಣಗಿದ ಮೇಲೆ ಅಂಚು ಹೊಲಿಗೆಗಳ ಮೇಲೆ ಬಿಸಿ ಇಸ್ತ್ರಿಯನ್ನೂ ಆಡಿಸಬೇಕೆಂದು ವೈದ್ಯರು ಹೇಳಿದರು.

ಒಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಹಗ್ಗದ ಬದಲು ಕಬ್ಬಿಣದ ತಂತಿ ಕಟ್ಟುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಮಳೆಗಾಲದಲ್ಲಿ ಆ ತಂತಿಗೆ ವಿದ್ಯುತ್ತಿನ ತಂತಿ ಎಲ್ಲಿಯಾದರೂ ತಾಗಿದರೆ, ಬಟ್ಟೆ ಹಾಕಲು ಹೋದ ಒದ್ದೆ ಕೈ ಅಲ್ಲಿಯೇ ಹಿಡಿದುಕೊಳ್ಳುತ್ತದೆ. ಇಂತಹ ಸಾವಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇದ್ದೇವೆ, ಹೆಚ್ಚಿನವರು ಹೆಣ್ಣುಮಕ್ಕಳು. ಮನೆಯ ಒಳಗಾಗಲಿ ಹೊರಗಾಗಲಿ, ನೂಲಿನ ಅಥವಾ ನೈಲಾನಿನ ಹಗ್ಗವನ್ನೇ ಕಟ್ಟಿರಿ. ತಂತಿಯಿದ್ದರೆ ಈ ಸಂಚಿಕೆಯನ್ನು ಕೆಳಗಿಟ್ಟು ಇಂದೇ ಬಿಚ್ಚಿರಿ.

ನಮ್ಮ ಪಡಸಾಲೆಯಲ್ಲಿ ಈಗ ಈ ಗೋಡೆಯಿಂದ ಆ ಗೋಡೆಗೆ ಹಗ್ಗವಿದೆ. ಮೈಯೊರೆಸಿಕೊಂಡವರೇ ತಮ್ಮ ವಸ್ತ್ರವನ್ನು ಹರವಬೇಕು, ಸೊಸೆ ಹರವುವುದಿಲ್ಲ. ಈ ನಿಯಮವನ್ನು ಮಾಡಿದವಳು ಆಕೆಯೇ. ಒಪ್ಪಿದವರಲ್ಲಿ ನಾವು ಮೊದಲಿಗರು. ಫ್ಯಾನಿನ ನೇರ ಕೆಳಗಿನ ಜಾಗಕ್ಕಾಗಿ ಮೊಮ್ಮಕ್ಕಳಲ್ಲಿ ದಿನವೂ ಜಗಳ. ನಮಗೆ ಸಿಕ್ಕಿರುವುದು ಬಾಗಿಲ ಪಕ್ಕದ ತುದಿ. ಗಾಳಿ ಅಲ್ಲಿಯೂ ಬರುತ್ತದೆ.