ಯಂತ್ರಕ್ಕಿಟ್ಟ ಜರಡಿ, ಮನುಷ್ಯರಿಗೂ ಕಾವಲು

ಅಮೆರಿಕ, ಕೆನಡಾಗಳ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ‘ಫರ್ನೇಸ್’ ಇರುತ್ತದೆ. ಚಳಿಗಾಲದಲ್ಲಿ ಅದರ ಫ್ಯಾನ್ ಕೋಣೆಗಳ ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಬಿಸಿಯಾದ ಗಾಳಿ ಕೊಳವೆಗಳ ಮೂಲಕ ಕೋಣೆಗಳಿಗೆ ಮರಳುತ್ತದೆ. ಗಾಳಿ ಹಿಂದಿರುಗಿ ಬರುವ ಹಾದಿಯಲ್ಲಿ, ಫ್ಯಾನಿಗೆ ಮುಂಚೆ, ಶೋಧಕವನ್ನು ಇಡುತ್ತಾರೆ. ಚೌಕಟ್ಟಿನ ಮೇಲಿನ ಬಾಣ ಫರ್ನೇಸಿನತ್ತ ಮುಖ ಮಾಡಿರಬೇಕು. ಈ ಜಾಗವೇ ಮೂಲ ಉದ್ದೇಶವನ್ನು ಹೇಳುತ್ತದೆ: ಧೂಳಿನಿಂದ ಕಾಪಾಡಬೇಕಿದ್ದುದು ಮೊದಲು ಯಂತ್ರವನ್ನು.

ಶೋಧಕ ಎಷ್ಟು ಸಣ್ಣ ಕಣಗಳನ್ನು ಹಿಡಿಯುತ್ತದೆಂದು ತಿಳಿಸುವ ‘ಮರ್ವ್’ ಅಂಕಿ 1999ರ ಆಶ್ರೇ ಸಂಸ್ಥೆಯ ಮಾನದಂಡದಲ್ಲಿ ಬಂತು. ಅಂಕಿ ಹೆಚ್ಚಿದಷ್ಟೂ ಒಳ್ಳೆಯದೇ? ಹಾಗೇನಿಲ್ಲ. ತೆಳು ಚೌಕಟ್ಟಿನಲ್ಲಿ ತೀರಾ ದಟ್ಟವಾದ ಶೋಧಕವಿದ್ದರೆ ಗಾಳಿಯ ಹರಿವು ಕುಗ್ಗುತ್ತದೆ. ಫರ್ನೇಸ್ ಅತಿಯಾಗಿ ಕಾದು ತಾನಾಗಿಯೇ ನಿಲ್ಲಬಹುದು. 1 ಇಂಚಿನ ಬದಲು 4 ಇಂಚು ದಪ್ಪದ, ಮಡಿಕೆಗಳುಳ್ಳ ಶೋಧಕಕ್ಕೆ ಜಾಗವಿದ್ದರೆ ಹರವು ಹೆಚ್ಚಿ ಗಾಳಿ ಸರಾಗವಾಗಿ ಹಾಯುತ್ತದೆ.

2023ರ ಜೂನ್‌ನಲ್ಲಿ ಕೆನಡಾದ ಕಾಳ್ಗಿಚ್ಚಿನ ಹೊಗೆ ಅಮೆರಿಕದ ಪೂರ್ವ ರಾಜ್ಯಗಳನ್ನು ಕವಿದಾಗ ಜನ ಕಿಟಕಿ ಮುಚ್ಚಿ ಒಳಗುಳಿದರು. ಇಂಥ ಹೊಗೆಗೆ ತಜ್ಞರ ಸಲಹೆ ಇಷ್ಟೆ: ಫರ್ನೇಸ್ ತಾಳುವುದಾದರೆ ಮರ್ವ್ 13 ಹಾಕಿ, ಫ್ಯಾನನ್ನು ಓಡುತ್ತಲೇ ಇಡಿ. ಧೂಳು ಕಟ್ಟಿದ ಶೋಧಕವನ್ನು ಬದಲಿಸದಿದ್ದರೆ ಮಾತ್ರ ಯಂತ್ರಕ್ಕೂ ರಕ್ಷೆಯಿಲ್ಲ, ಮನೆಯವರಿಗೂ ಇಲ್ಲ.